ಚೈನ್‌ಸಾ ಕೊಡುವವರು ಅರ ಹಿಡಿಯುವುದನ್ನೂ ಕಲಿಸಲಿ

ಸಂಪಾದಕರಿಗೆ ನಮಸ್ಕಾರ.

ಮರ ಕೊಯ್ಯುವ ಯಂತ್ರಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹಗಳು ಬರುತ್ತವೆ. ಎಂಜಿನ್ ಎಷ್ಟು ಸಿಸಿ, ತೂಕ ಎಷ್ಟು, ಬಾರ್ (ಚೈನ್ ಸುತ್ತ ಓಡುವ ಉದ್ದ ಪಟ್ಟಿ) ಎಷ್ಟು ಉದ್ದ, ಪೆಟ್ರೋಲಿನದು ತಗೊಳ್ಳೋದೋ ಬ್ಯಾಟರಿಯದೋ ಅಂತೆಲ್ಲ ವಿವರ ಇರುತ್ತದೆ. ಆದರೆ ಮರ ಕೊಯ್ಯುವುದು ಎಂಜಿನ್ ಅಲ್ಲ, ಚೈನಿನ ಮೇಲಿರುವ ಪುಟ್ಟ ಹಲ್ಲುಗಳು. ಅವುಗಳ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಆದರೆ ವಿಷಯವೇ ಹಾಗಿದೆ, ಅರ್ಧ ಹೇಳಿ ಬಿಡುವಂಥದ್ದಲ್ಲ.

ಯಂತ್ರ ಮಾರುವವರು, ಬಾಡಿಗೆಗೆ ಕೊಡುವವರು, ಕೈಗೆ ಕೊಟ್ಟು ಕೆಲಸಕ್ಕೆ ಹಚ್ಚುವವರು ಎಲ್ಲರೂ ಸ್ಟಾರ್ಟ್ ಮಾಡುವುದನ್ನು ತೋರಿಸುತ್ತಾರೆ. ಚೋಕ್ ಎಲ್ಲಿ, ಹಗ್ಗ ಹೇಗೆ ಎಳೆಯಬೇಕು, ಪೆಟ್ರೋಲಿಗೆ ಎಣ್ಣೆ ಎಷ್ಟು ಬೆರೆಸಬೇಕು ಎಲ್ಲ ಹೇಳುತ್ತಾರೆ. ಚೈನ್ ಮೊಂಡಾದರೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಪಾಪ, ಹೊಸಬರು ಹಾಗೇ ಒತ್ತಿ ಒತ್ತಿ ಕೊಯ್ಯುತ್ತಾರೆ. ಯಂತ್ರಕ್ಕೆ ಶಕ್ತಿ ಸಾಲದು ಅಂದುಕೊಳ್ಳುತ್ತಾರೆ. ನನಗೆ ಗೊತ್ತಿರುವ ಒಬ್ಬರು ಹೀಗೇ "ಎಂಜಿನ್ ಎಳೀತಾ ಇಲ್ಲ" ಅಂತ ರಿಪೇರಿಗೆ ಕೊಟ್ಟರು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು, ಪ್ಲಗ್ ಬದಲಾಯಿಸಿದರು, ದುಡ್ಡು ತಗೊಂಡರು. ಚೈನ್ ಮುಟ್ಟಿಯೂ ನೋಡಲಿಲ್ಲ. ಯಂತ್ರ ವಾಪಸ್ ಬಂದಾಗ ಮೊದಲು ಹೇಗಿತ್ತೋ ಹಾಗೇ ಇತ್ತು. ಕೂತು ಹಲ್ಲುಗಳಿಗೆ ಅರ, ಅಂದರೆ ಉಜ್ಜಿ ಹರಿತ ಮಾಡುವ ಫೈಲ್, ಹಾಕಿದ ಮೇಲೆ ಅದೇ ಎಂಜಿನ್, ಅದೇ ದಿಮ್ಮಿ, ಬಾರಿನ ಭಾರಕ್ಕೇ ಚೈನ್ ಮರದೊಳಗೆ ಇಳಿಯಿತು.

ಚೈನ್ ಮೊಂಡಾಗಿದೆಯೋ ಇಲ್ಲವೋ ತಿಳಿಯಲು ಯಾವ ಉಪಕರಣವೂ ಬೇಡ. ಕೆಳಗೆ ಬೀಳುವುದನ್ನು ನೋಡಿದರೆ ಸಾಕು. ಹರಿತ ಚೈನ್ ಮರವನ್ನು ಅಡ್ಡ ಕೊಯ್ಯುವಾಗ ಚಕ್ಕೆ ಬೀಳುತ್ತದೆ. ಕೈಗೆತ್ತಿಕೊಂಡರೆ ಒಂದೊಂದು ಚಕ್ಕೆಯೂ ಬೇರೆ ಬೇರೆಯಾಗಿ ಕಾಣುತ್ತದೆ. ಮೊಂಡು ಚೈನ್ ಹಿಟ್ಟಿನಂಥ ಪುಡಿ ಉದುರಿಸುತ್ತದೆ. ಎಣ್ಣೆ ಸರಿಯಾಗಿ ಬರುತ್ತಿದ್ದರೂ ಹೊಗೆ ಬಂದರೆ, ಒತ್ತದೆ ಒಳಗೆ ಇಳಿಯದಿದ್ದರೆ, ಆಗಲೇ ತಡವಾಗಿದೆ ಅಂತ ಅರ್ಥ. ಕೊಯ್ತ ನೇರವಾಗಿ ಹೋಗದೆ ಒಂದು ಪಕ್ಕಕ್ಕೆ ಬಾಗುತ್ತಿದ್ದರೆ ಬಹುಮಟ್ಟಿಗೆ ಒಂದು ಸಾಲಿನ ಹಲ್ಲುಗಳು ಇನ್ನೊಂದು ಸಾಲಿಗಿಂತ ಗಿಡ್ಡವಾಗಿವೆ ಅಥವಾ ಜಾಸ್ತಿ ಮೊಂಡಾಗಿವೆ. ಬಾರಿನ ಎರಡು ಅಂಚುಗಳು ಏರುಪೇರಾಗಿ ಸವೆದಿದ್ದರೂ ಹೀಗಾಗುತ್ತದೆ.

ಇನ್ನೂ ಹತ್ತಿರದಿಂದ ನೋಡಬೇಕಾದರೆ ಯಂತ್ರ ನಿಲ್ಲಿಸಿ, ಚೈನನ್ನು ಬೆಳಕಿಗೆ ಹಿಡಿದು ಒಂದು ಹಲ್ಲಿನ ಮುಂಭಾಗ ನೋಡಿ. ಹರಿತವಾದ ಅಂಚು ಬೆಳಕನ್ನು ವಾಪಸ್ ಎಸೆಯುವುದಿಲ್ಲ, ಅಲ್ಲಿ ಗೆರೆಯೇ ಕಾಣುವುದಿಲ್ಲ. ಮೊಂಡಾದ ಅಂಚಿನಲ್ಲಿ ಸಣ್ಣ ಬಿಳಿ ಗೆರೆ ಮಿನುಗುತ್ತದೆ. ಆ ಗೆರೆ ಎಂದರೆ ಅಂಚು ಉರುಟಾಗಿದೆ. ಅದು ಮಾಯವಾಗುವ ತನಕ ಅರ ಉಜ್ಜಬೇಕು. ನಡುವೆ ನಿಲ್ಲಿಸಿದರೆ ಹಲ್ಲು ಹೊಳೆಯುತ್ತದೆ, ಕೊಯ್ಯುವುದಿಲ್ಲ.

ಈ ಹಲ್ಲಿನ ಕತೆಯೂ ಸ್ವಾರಸ್ಯವಾಗಿದೆ. ಮೊದಲಿನ ಚೈನ್‌ಸಾಗಳ ಹಲ್ಲುಗಳು ಕೈಗರಗಸದ ಹಲ್ಲಿನ ಹಾಗೆ ಮರವನ್ನು ಗೀರಿ ಗೀರಿ ಕೊಯ್ಯುತ್ತಿದ್ದವು. ಬೇಗ ಮೊಂಡಾಗುತ್ತಿದ್ದವು, ಅರ ಹಾಕಲು ಬಹಳ ಹೊತ್ತು ಬೇಕಿತ್ತು. 1946ರಲ್ಲಿ ಅಮೆರಿಕದ ಆರಿಗನ್ ರಾಜ್ಯದಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್ ಎಂಬಾತ ಮರದೊಳಗೆ ದಾರಿ ಕೊರೆಯುವ ಒಂದು ದುಂಬಿಯ ಮರಿಹುಳವನ್ನು ಗಮನವಿಟ್ಟು ನೋಡಿದ. ಅದು ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ತಿನ್ನುತ್ತಾ ಹೋಗುತ್ತಿತ್ತು. ಅದರ ದವಡೆಗಳು ಬಾಗಿದ್ದವು, ಎಡಕ್ಕೂ ಬಲಕ್ಕೂ ಕಚ್ಚುತ್ತಿದ್ದವು. ಅದೇ ಆಕಾರವನ್ನು ಉಕ್ಕಿನಲ್ಲಿ ಮಾಡಿ, ಒಂದು ಎಡ ಹಲ್ಲು ಒಂದು ಬಲ ಹಲ್ಲು ಅಂತ ಜೋಡಿಸಿ ಹೊಸ ಬಗೆಯ ಚೈನ್ ಮಾಡಿದ. 1947ರಲ್ಲಿ ಆ ಚೈನ್ ಮಾರುವ ಕಂಪನಿ ಶುರುವಾಯಿತು. ಇವತ್ತು ನಮ್ಮ ಕೈಯಲ್ಲಿರುವ ಚೈನ್‌ಗಳ ಮೂಲ ಅದೇ. ಒಂದು ಹುಳವನ್ನು ಅಷ್ಟು ತಾಳ್ಮೆಯಿಂದ ನೋಡಿದವನ ಬಗ್ಗೆ ನನಗೆ ತುಂಬ ಗೌರವ.

ಈ ಮಾತು ಯಾಕೆ ತಂದೆನೆಂದರೆ, ಹಲ್ಲಿನ ಕೆಲಸ ಗೊತ್ತಾದರೆ ಅರ ಎಲ್ಲಿ ಹಾಕಬೇಕು ಅಂತ ತಾನಾಗಿಯೇ ಹೊಳೆಯುತ್ತದೆ. ಪ್ರತಿ ಹಲ್ಲಿನಲ್ಲಿ ಎರಡು ಭಾಗ ಇವೆ. ಹಿಂದಿನದು ಕೊಯ್ಯುವ ಭಾಗ. ಅದಕ್ಕೆ ಮೇಲೊಂದು ಅಂಚು, ಪಕ್ಕಕ್ಕೊಂದು ಅಂಚು, ಎರಡೂ ಸೇರುವಲ್ಲಿ ಒಂದು ಮೂಲೆ. ನಾರನ್ನು ಮೊದಲು ಕತ್ತರಿಸುವುದು ಆ ಮೂಲೆ, ಮೇಲಿನ ಅಂಚು ಉಳಿಯಂತೆ ಚಕ್ಕೆ ಎಬ್ಬಿಸುತ್ತದೆ. ಮುಂದಿನದು ಗೂಟದ ಹಾಗಿರುವ ಭಾಗ, ಅದನ್ನು ಡೆಪ್ತ್ ಗೇಜ್ ಅಥವಾ ರೇಕರ್ ಅನ್ನುತ್ತಾರೆ. ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನಿಸುವುದು ಈ ಗೂಟ.

ಇನ್ನು ಅರದ ಮಾತು. ಕೊಯ್ಯುವ ಅಂಚಿಗೆ ಬೇಕಾದದ್ದು ದುಂಡು ಅರ, ಗೂಟಕ್ಕೆ ಚಪ್ಪಟೆ ಅರ. ದುಂಡು ಅರದ ದಪ್ಪ ಚೈನಿನ ಪಿಚ್‌ಗೆ ಹೊಂದಲೇಬೇಕು. ಪಿಚ್ ಅಂದರೆ ಚೈನಿನ ಕೊಂಡಿಗಳನ್ನು ಕೂಡಿಸುವ ರಿವೆಟ್‌ಗಳಲ್ಲಿ ಒಂದರ ಪಕ್ಕ ಒಂದು ಇರುವ ಮೂರನ್ನು ಹಿಡಿದು, ಮೊದಲನೆಯದರಿಂದ ಮೂರನೆಯದಕ್ಕೆ ಇರುವ ದೂರದ ಅರ್ಧ. ಬಾರಿನ ಬುಡದಲ್ಲೋ ಚೈನಿನ ಡಬ್ಬದ ಮೇಲೋ ಬರೆದಿರುತ್ತದೆ. ಸಣ್ಣ ಯಂತ್ರಗಳ 3/8 ಇಂಚಿನ ಲೋ ಪ್ರೊಫೈಲ್ (ಗಿಡ್ಡ ಹಲ್ಲಿನ) ಚೈನಿಗೆ ಸಾಮಾನ್ಯವಾಗಿ 4 ಮಿ.ಮೀ. ಅರ. 0.325 ಇಂಚಿನದಕ್ಕೆ 4.8 ಮಿ.ಮೀ. ದೊಡ್ಡ ಯಂತ್ರಗಳ ಪೂರ್ಣ 3/8 ಚೈನಿಗೆ ತಯಾರಕರನ್ನು ನೋಡಿಕೊಂಡು 5.2 ಅಥವಾ 5.5. ಕೈಗೆ ಸಿಕ್ಕ ಅರ ಹಾಕಿದರೆ ಆಗುವುದಿಲ್ಲ. ದಪ್ಪ ಜಾಸ್ತಿಯಾದರೆ ಅಂಚು ಮೊಂಡು ಕೋನದಲ್ಲಿ ನಿಲ್ಲುತ್ತದೆ, ಕಡಿಮೆಯಾದರೆ ಅಂಚಿನ ಕೆಳಗೆ ಕೊಕ್ಕೆಯ ಹಾಗೆ ಕೊರೆದುಬಿಡುತ್ತದೆ. ಕೊಕ್ಕೆ ಹಲ್ಲು ಶುರುವಿನಲ್ಲಿ ಭಾರಿ ಹರಿತ ಅನ್ನಿಸುತ್ತದೆ, ಆದರೆ ಅಂಚು ತೆಳ್ಳಗಿರುವುದರಿಂದ ಬೇಗ ಮುರಿದು ಹೋಗುತ್ತದೆ.

ಶುರು ಮಾಡುವ ಮೊದಲು ಎಂಜಿನ್ ನಿಂತಿರಬೇಕು. ಬ್ಯಾಟರಿ ಯಂತ್ರವಾದರೆ ಬ್ಯಾಟರಿ ತೆಗೆದು ಪಕ್ಕಕ್ಕಿಡಿ, ಕರೆಂಟಿನದಾದರೆ ವೈರ್ ಕಿತ್ತಿಡಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಬಾರನ್ನು ವೈಸ್‌ನಲ್ಲಿ (ತಿರುಪಿನಿಂದ ಬಿಗಿದು ಹಿಡಿಯುವ ಸಾಧನ) ಭದ್ರವಾಗಿ ಹಿಡಿಸಿ. ಕಾಡಿನಲ್ಲಿದ್ದರೆ ಕಡಿದ ಬೊಡ್ಡೆಯಲ್ಲಿ ಒಂದು ಸೀಳು ಕೊಯ್ದು ಬಾರನ್ನು ಅದರಲ್ಲಿ ಕೂರಿಸಬಹುದು. ಬೊಡ್ಡೆಗೆ ಹೊಡೆದು ಕೂರಿಸುವ ಸಣ್ಣ ವೈಸ್ ಕೂಡ ಬರುತ್ತದೆ. ಚೈನ್ ಅಲ್ಲಾಡುತ್ತಿದ್ದರೆ ಎಷ್ಟು ಕೈಚಳಕ ಇದ್ದರೂ ಸುಮ್ನೆ. ಅರ ಹಾಕುವಾಗ ಚೈನ್ ಓಡದಂತೆ ತಡೆಯುವ ಚೈನ್ ಬ್ರೇಕ್ ಹಾಕಿ, ಮುಂದಿನ ಹಲ್ಲಿಗೆ ಹೋಗಲು ಬಿಡಿಸಿ ಎಳೆದುಕೊಳ್ಳಿ.

ಎಲ್ಲಕ್ಕಿಂತ ಹಾಳಾದ, ಗಿಡ್ಡವಾದ ಹಲ್ಲನ್ನು ಹುಡುಕಿ ಅದರಿಂದಲೇ ಶುರು ಮಾಡಿ. ಉಳಿದವೆಲ್ಲ ಅದರ ಉದ್ದಕ್ಕೆ ಬರಬೇಕು. ಎಲ್ಲಿಂದ ಶುರು ಮಾಡಿದಿರಿ ಅಂತ ಮಾರ್ಕರ್‌ನಿಂದ ಗುರುತು ಹಾಕಿಕೊಂಡರೆ ಒಳ್ಳೆಯದು, ಇಲ್ಲದಿದ್ದರೆ ಒಂದು ಸುತ್ತು ಮುಗಿಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಅರವನ್ನು ಹಲ್ಲಿನ ಒಳಬದಿಯಿಂದ ಹೊರಬದಿಗೆ ತಳ್ಳಬೇಕು. ಹಲ್ಲಿನ ಹೊರಮೈಗೆ ಕ್ರೋಮ್ ಲೇಪ ಇರುತ್ತದೆ. ತೆಳ್ಳಗಿದ್ದರೂ ಗಟ್ಟಿ, ಅಂಚು ಬಾಳಿಕೆ ಬರುವುದು ಅದರಿಂದಲೇ. ಕಲ್ಲಿಗೆ ತಾಗಿ ಆ ಲೇಪ ಎದ್ದಿದ್ದರೆ ಎದ್ದ ಜಾಗ ಪೂರ್ತಿ ಸವೆದು ಹೋಗುವ ತನಕ ಉಜ್ಜಬೇಕು.

ಕೋನ ಹೆಚ್ಚಿನ ಚೈನುಗಳಿಗೆ 30 ಡಿಗ್ರಿ, ಕೆಲವಕ್ಕೆ 25. ಹಲ್ಲಿನ ಮೇಲೇ ಓರೆ ಗೆರೆ ಕೊರೆದಿರುತ್ತಾರೆ, ಅರವನ್ನು ಅದಕ್ಕೆ ಸರಿಯಾಗಿ ಹಿಡಿದರೆ ಆಯಿತು. ಮರವನ್ನು ಉದ್ದಕ್ಕೆ ಸೀಳಿ ಹಲಗೆ ತೆಗೆಯುವ ಚೈನಿನದು ಬೇರೆ, ಅದಕ್ಕೆ 10 ಡಿಗ್ರಿ ಇಡುತ್ತಾರೆ. ಎತ್ತರದ ಲೆಕ್ಕವೂ ಇದೆ. ಅರದ ದಪ್ಪದಲ್ಲಿ ಐದನೇ ಒಂದು ಭಾಗ ಹಲ್ಲಿನ ಮೇಲೆ ಕಾಣುತ್ತಿರಬೇಕು. ಹೊಸಬರಿಗೆ ಎರಡನ್ನೂ ಒಟ್ಟಿಗೆ ಸಂಭಾಳಿಸುವುದು ಕಷ್ಟ, ಅದಕ್ಕೇ ಅರ ಕೂರಿಸುವ ಹಿಡಿಕೆ ಬರುತ್ತದೆ. ಅದರ ಮೇಲೆ ಕೋನದ ಗೆರೆಗಳಿರುತ್ತವೆ, ಎತ್ತರವನ್ನೂ ಅದೇ ನೋಡಿಕೊಳ್ಳುತ್ತದೆ. ಬರೀ ಅರದಲ್ಲೇ ಮಾಡುತ್ತೇನೆ ಅನ್ನುವ ಹಟ ಶುರುವಿನಲ್ಲಿ ಬೇಡ.

ತಳ್ಳುವಾಗ ಮಾತ್ರ ಅರ ಕೊಯ್ಯುತ್ತದೆ. ವಾಪಸ್ ತರುವಾಗ ಎತ್ತಿಬಿಡಿ. ಹಿಂದಕ್ಕೂ ಮುಂದಕ್ಕೂ ಗರಗಸದ ಹಾಗೆ ಎಳೆದಾಡಿದರೆ ಅರದ ಹಲ್ಲೇ ಬಾಗಿ ಹಾಳಾಗುತ್ತದೆ. ಮೊದಲ ಒಂದೆರಡು ತಳ್ಳುಗೆಯಲ್ಲಿ ಕೈಗೆ ಕರಕರ ಅನ್ನಿಸುತ್ತದೆ, ಆಮೇಲೆ ಒಂದೇ ಸಮನೆ ಜಾರುತ್ತಾ ಕಚ್ಚುತ್ತದೆ, ಸದ್ದೂ ಬದಲಾಗುತ್ತದೆ. ಆಗ ಬೆಳಕಿಗೆ ಹಿಡಿದು ಬಿಳಿ ಗೆರೆ ಹೋಯಿತಾ ಅಂತ ನೋಡಿ. ಒಂದು ಹಲ್ಲಿಗೆ ಮೂರು ತಳ್ಳಿದರೆ ಉಳಿದ ಎಲ್ಲದಕ್ಕೂ ಮೂರೇ, ಅದೇ ಒತ್ತಡದಲ್ಲಿ. ಒಂದು ಪಕ್ಕದ ಹಲ್ಲುಗಳು ಮುಗಿದ ಮೇಲೆ ಯಂತ್ರ ತಿರುಗಿಸಿಕೊಂಡು ಇನ್ನೊಂದು ಪಕ್ಕ. ಬಲಗೈಯವರಿಗೆ ಒಂದು ಪಕ್ಕ ಸಲೀಸು, ಇನ್ನೊಂದು ಪಕ್ಕ ಕೈಗೆ ಬಗ್ಗುವುದಿಲ್ಲ. ಎರಡು ಸಾಲಿನ ಉದ್ದದಲ್ಲಿ ವ್ಯತ್ಯಾಸ ಬರುವುದೇ ಇದರಿಂದ. ಆಗಾಗ ಅಳತೆ ಹಿಡಿದು ನೋಡುತ್ತಿದ್ದರೆ ಅದು ಬೆಳೆಯುವುದಿಲ್ಲ.

ಅರವನ್ನೂ ಸ್ವಲ್ಪ ನೋಡಿಕೊಳ್ಳಿ. ಆಗಾಗ ಸ್ವಲ್ಪ ತಿರುಗಿಸಿ ಹಿಡಿದರೆ ಎಲ್ಲ ಕಡೆ ಸಮ ಸವೆಯುತ್ತದೆ. ಎಣ್ಣೆ ತಾಗಿಸಬೇಡಿ. ಬೇರೆ ಕಬ್ಬಿಣದ ಸಾಮಾನುಗಳ ಜೊತೆ ಡಬ್ಬಿಯಲ್ಲಿ ಎಸೆಯಬೇಡಿ, ಬಟ್ಟೆಯಲ್ಲಿ ಸುತ್ತಿಡಿ. ಹೊಳಪು ಬಂದು ಜಾರತೊಡಗಿದರೆ ಆ ಅರದ ಕತೆ ಮುಗಿಯಿತು, ಹೊಸದು ತನ್ನಿ.

ರೇಕರ್ ವಿಷಯಕ್ಕೆ ಬರೋಣ, ಬಹಳ ಜನ ಬಿಟ್ಟುಬಿಡುವುದು ಇದನ್ನೇ. ಹಲ್ಲಿನ ಮೇಲ್ಭಾಗ ಹಿಂದಕ್ಕೆ ಇಳಿಜಾರಾಗಿರುತ್ತದೆ. ಹಾಗಾಗಿ ಉಜ್ಜಿದಷ್ಟೂ ಕೊಯ್ಯುವ ಅಂಚು ಹಿಂದಕ್ಕೆ ಹೋಗುವುದರ ಜೊತೆಗೆ ಕೆಳಕ್ಕೂ ಇಳಿಯುತ್ತದೆ. ಮುಂದಿನ ಗೂಟ ಮಾತ್ರ ಇದ್ದಷ್ಟೇ ಎತ್ತರ ಇರುತ್ತದೆ. ಕೊನೆಗೆ ಹಲ್ಲು ಎಷ್ಟೇ ಹರಿತವಾಗಿದ್ದರೂ ಗೂಟ ಅದನ್ನು ಮರಕ್ಕೆ ತಾಗಲು ಬಿಡುವುದಿಲ್ಲ. "ಈಗ ತಾನೇ ಅರ ಹಾಕಿದೆ, ಆದರೂ ಪುಡಿ ಬೀಳ್ತಿದೆ" ಅನ್ನುವವರು ಮೊದಲು ನೋಡಬೇಕಾದದ್ದು ಇದನ್ನು. ಹೆಚ್ಚಿನ ಚೈನುಗಳಲ್ಲಿ ಗೂಟ ಅಂಚಿಗಿಂತ ಸುಮಾರು 0.65 ಮಿ.ಮೀ. ತಗ್ಗಿರಬೇಕು. ಇದನ್ನು ಕಣ್ಣಳತೆಯಲ್ಲಿ ಮಾಡಬಾರದು. ಸಣ್ಣ ಉಕ್ಕಿನ ಪಟ್ಟಿಯಂಥ ಗೇಜ್ ಸಿಗುತ್ತದೆ. ಅದನ್ನು ಚೈನಿನ ಮೇಲಿಟ್ಟರೆ ಗೂಟ ಅದರ ಸೀಳಿನಿಂದ ಎಷ್ಟು ಮೇಲೆ ಬರುತ್ತದೋ ಅಷ್ಟನ್ನು ಚಪ್ಪಟೆ ಅರದಿಂದ ತೆಗೆದು, ಗೂಟದ ಮುಂದಿನ ಮೂಲೆಯನ್ನು ಮೊದಲಿನ ಹಾಗೆ ಉರುಟು ಮಾಡಬೇಕು. ಮೂರು ನಾಲ್ಕು ಸಲ ಹಲ್ಲಿಗೆ ಅರ ಹಾಕಿದ ಮೇಲೆ ಒಂದು ಸಲ ಗೇಜ್ ಇಟ್ಟು ನೋಡಿದರೆ ಸಾಕು.

ಆದರೆ ದಯವಿಟ್ಟು ಜಾಸ್ತಿ ತೆಗೆಯಬೇಡಿ. ಬೇಗ ಕೊಯ್ಯಲಿ ಅಂತ ಗೂಟವನ್ನು ಕಂಡಾಪಟ್ಟೆ ತಗ್ಗಿಸುವವರಿದ್ದಾರೆ. ಹಲ್ಲು ಕಚ್ಚುವ ಆಳ ಹೆಚ್ಚಿದಂತೆ ಯಂತ್ರ ಜಗ್ಗುತ್ತದೆ, ಚೈನ್ ಮರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಕಿಕ್‌ಬ್ಯಾಕ್ ಅಪಾಯವೂ ಜಾಸ್ತಿ. ಬಾರಿನ ತುದಿಯ ಮೇಲಿನ ಅರ್ಧ ಭಾಗ ಎಲ್ಲಿಗಾದರೂ ತಾಗಿದರೆ ಯಂತ್ರ ಕ್ಷಣಾರ್ಧದಲ್ಲಿ ಮೇಲಕ್ಕೆ, ಹಿಡಿದವರ ಮುಖ ಕತ್ತಿನ ಕಡೆಗೆ ಎಗರುತ್ತದೆ. ಅದನ್ನೇ ಕಿಕ್‌ಬ್ಯಾಕ್ ಅನ್ನುವುದು. ಪೂರ್ತಿ ವೇಗದಲ್ಲಿ ಚೈನ್ ಸೆಕೆಂಡಿಗೆ 20 ಮೀಟರ್ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಆಗ ಕೈಯಿಂದ ತಡೆಯುತ್ತೇನೆ ಅನ್ನುವುದು ಸಾಧ್ಯವೇ ಇಲ್ಲ.

ಇಲ್ಲೇ ನಾನು ಒತ್ತಿ ಹೇಳಬೇಕಾದ ಮಾತಿದೆ. ಹರಿತ ಚೈನ್ ಅಪಾಯ, ಮೊಂಡಾದರೆ ಅಷ್ಟು ಭಯವಿಲ್ಲ ಅಂತ ನಂಬಿದವರನ್ನು ನೋಡಿದ್ದೇನೆ. ಇದು ಪೂರಾ ತಪ್ಪು. ಮೊಂಡು ಚೈನ್ ಇದ್ದಾಗ ಮನುಷ್ಯ ಮೈಭಾರ ಹಾಕಿ ಒತ್ತುತ್ತಾನೆ. ಕೊಯ್ತ ಮುಗಿದು ಮರ ಬಿಟ್ಟುಕೊಂಡಾಗ ಆ ಭಾರವೆಲ್ಲ ಒಮ್ಮೆಗೇ ಮುಂದಕ್ಕೆ ಹೋಗುತ್ತದೆ, ಓಡುತ್ತಿರುವ ಚೈನ್ ಕಾಲಿನ ಹತ್ತಿರ ಬರುತ್ತದೆ. ಕೆಲಸ ಎಳೆದು ದಣಿವು ಜಾಸ್ತಿಯಾಗುತ್ತದೆ, ದಣಿದ ಕೈಗೆ ಹಿಡಿತ ಕಡಿಮೆ. ಮೇಲಿಂದ ನಡುಕ. ಮೊಂಡು ಚೈನ್ ಕೈಗೆ ಹೆಚ್ಚು ನಡುಕ ಕೊಡುತ್ತದೆ. ವರ್ಷಗಟ್ಟಲೆ ಹೀಗೆ ಮಾಡಿದವರ ಬೆರಳುಗಳು ಚಳಿಯಲ್ಲಿ ಬಿಳಿಚಿಕೊಂಡು ಜೋಮು ಹಿಡಿಯುತ್ತವೆ, ಸ್ಪರ್ಶವೇ ತಿಳಿಯದ ಹಾಗೆ ಆಗುತ್ತದೆ. ಯಂತ್ರದ ಒಡೆಯನಿಗಲ್ಲ, ಅದನ್ನು ಹಿಡಿದು ದುಡಿಯುವವನಿಗೆ ಆಗುವ ನೋವಿದು. ಅರ ಹಾಕಲು ಕೂತವನನ್ನು "ಸುಮ್ನೆ ಹೊತ್ತು ಕಳೀತಾನೆ" ಅನ್ನುವ ಮೇಸ್ತ್ರಿಗಳಿಗೆ ಇದು ಗೊತ್ತಿರಬೇಕು. ಆ ಹತ್ತು ನಿಮಿಷ ಕೆಲಸದ ಹೊತ್ತೇ. ಅದಕ್ಕೂ ಕೂಲಿ ಕೊಡಬೇಕು.

ಹರಿತ ಮಾಡಲು ಗ್ರೈಂಡರ್ ಇದೆಯಲ್ಲ ಅಂತ ಕೇಳುವವರಿರುತ್ತಾರೆ. ಮೊಳೆಗೋ ಕಲ್ಲಿಗೋ ಸಿಕ್ಕಿ ಹಲ್ಲುಗಳೆಲ್ಲ ಚಿಂದಿಯಾಗಿದ್ದರೆ, ಉದ್ದ ಸಮ ಮಾಡಬೇಕಿದ್ದರೆ ಗ್ರೈಂಡರ್ ಒಳ್ಳೆಯದೇ. ಆದರೆ ಅವಸರದಲ್ಲಿ ಒತ್ತಿ ಹಿಡಿದರೆ ಹಲ್ಲಿನ ತುದಿ ಕಾದು ನೀಲಿಯಾಗುತ್ತದೆ. ನೀಲಿಯಾದರೆ ಉಕ್ಕಿನ ಹದ ಕೆಟ್ಟಿತು ಅಂತಲೇ. ಆಮೇಲೆ ಆ ಅಂಚು ನಿಲ್ಲುವುದಿಲ್ಲ. ಗ್ರೈಂಡರ್ ಹಿಡಿಯುವುದಾದರೆ ತಾಗಿಸಿ ತೆಗೆದು, ತಾಗಿಸಿ ತೆಗೆದು ಮಾಡಬೇಕು. ಇನ್ನೊಂದು ಮಾತು, ಗ್ರೈಂಡರ್ ಬೇಡದಷ್ಟು ಉಕ್ಕು ತಿನ್ನುತ್ತದೆ. ಪೆಟ್ರೋಲ್ ತುಂಬಿಸಲು ನಿಲ್ಲಿಸಿದಾಗಲೆಲ್ಲ ಒಂದೆರಡು ಸಲ ಅರ ಆಡಿಸುವ ರೂಢಿ ಇದ್ದರೆ ಚೈನ್ ಎಷ್ಟೋ ಹೆಚ್ಚು ಕಾಲ ಬರುತ್ತದೆ. ಸ್ವಲ್ಪ ಸ್ವಲ್ಪ, ಆಗಾಗ. ಹಲ್ಲಿನ ಮೇಲಿರುವ ಸವೆತದ ಗುರುತು ತಲುಪುವ ತನಕ ಬಳಸಬಹುದು. ಅದಾದ ಮೇಲೆ ಚೈನ್ ಎಸೆಯಬೇಕು, ಆಸೆ ಮಾಡಬಾರದು, ಹಲ್ಲು ಮುರಿದು ಹಾರಬಹುದು.

ಮೊಂಡಾಗುವುದನ್ನು ತಡೆಯುವುದೂ ಅಷ್ಟೇ ಮುಖ್ಯ. ಚೈನಿನ ದೊಡ್ಡ ಶತ್ರು ಮಣ್ಣು. ಬಾರಿನ ತುದಿ ಒಂದು ಕ್ಷಣ ನೆಲಕ್ಕೆ ತಾಗಿದರೂ ಸಾಕು, ಅಂಚು ಹೋಯಿತು. ನೆಲದ ಮೇಲೆ ಬಿದ್ದ ದಿಮ್ಮಿಯಾದರೆ ಅಡಿಗೆ ತುಂಡು ಕೊಟ್ಟು ಎತ್ತಿಕೊಳ್ಳಿ. ಎತ್ತಲಾಗದಿದ್ದರೆ ಮುಕ್ಕಾಲು ಕೊಯ್ದು, ಹೊರಳಿಸಿ, ಉಳಿದದ್ದನ್ನು ಮೇಲಿನಿಂದ ಕೊಯ್ಯಿರಿ. ಎಳೆದು ತಂದ ಮರದ ತೊಗಟೆಯಲ್ಲಿ ಮರಳು ಕಚ್ಚಿಕೊಂಡಿರುತ್ತದೆ, ಕೊಯ್ಯುವ ಜಾಗದಲ್ಲಿ ಕೆತ್ತಿ ತೆಗೆಯಿರಿ. ಇಂಥ ಮಣ್ಣಿನ ಕೆಲಸವೇ ಜಾಸ್ತಿ ಇದ್ದರೆ ಮೂಲೆ ಉರುಟಾಗಿರುವ ಸೆಮಿ ಚಿಸೆಲ್ ಚೈನ್ ತಗೊಳ್ಳಿ. ಚೂಪು ಮೂಲೆಯ ಫುಲ್ ಚಿಸೆಲ್ ವೇಗ ಜಾಸ್ತಿ, ಆದರೆ ಮಣ್ಣಿನಲ್ಲಿ ಬಹಳ ಬೇಗ ಕೈಕೊಡುತ್ತದೆ.

ಚೈನಿನ ಬಿಗುವಿನ ಬಗ್ಗೆ ಎರಡೇ ಮಾತು. ಚೈನ್ ತಣ್ಣಗಿರುವಾಗ ಬಾರಿನ ತುದಿಯನ್ನು ಎತ್ತಿ ಹಿಡಿದು ಬಿಗಿ ಮಾಡಬೇಕು. ಬಾರಿನ ಕೆಳಬದಿಗೆ ಅಂಟಿಕೊಂಡಿರಬೇಕು, ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು. ಹೊಸ ಚೈನ್ ಶುರುವಿನಲ್ಲಿ ಬೇಗ ಸಡಿಲವಾಗುತ್ತದೆ, ಆಗಾಗ ನೋಡಿ. ಕೆಲಸದ ನಡುವೆ ಬಿಸಿಯಲ್ಲಿ ಬಿಗಿ ಮಾಡಿದ್ದರೆ ಮುಗಿದ ಮೇಲೆ ಮರೆಯದೆ ಸಡಿಲಿಸಿ. ತಣ್ಣಗಾದಾಗ ಚೈನ್ ಕುಗ್ಗಿ ಎಂಜಿನ್ನಿನ ಬೇರಿಂಗ್ ಮೇಲೆ ಎಳೆತ ಬೀಳುತ್ತದೆ.

ಚೈನಿಗೆ ಹಾಕುವ ಎಣ್ಣೆಯಲ್ಲಿ ಉಳಿತಾಯ ಮಾಡಲು ಹೋಗಿ ಗಾಡಿಯಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಸುರಿಯುವ ಅಭ್ಯಾಸ ಬಿಡಬೇಕು. ಅದರಲ್ಲಿ ಲೋಹದ ಪುಡಿ, ಕರಿ, ಮೈಗೆ ಕೆಟ್ಟದ್ದು ಮಾಡುವ ಪದಾರ್ಥಗಳಿರುತ್ತವೆ. ಚೈನಿಗೆ ಹಾಕಿದ ಎಣ್ಣೆ ಅಲ್ಲೇ ಉಳಿಯುವುದಿಲ್ಲ, ಓಡುವಾಗ ಗಾಳಿಗೆ ಎರಚಿ ಮರಕ್ಕೆ, ಮಣ್ಣಿಗೆ, ಹಿಡಿದವರ ಮೈಗೆ ಬೀಳುತ್ತದೆ. ಅಂಟು ಗುಣವಿರುವ ಚೈನ್ ಆಯಿಲ್ ಬೇರೆಯೇ ಸಿಗುತ್ತದೆ, ಅದನ್ನೇ ಹಾಕಿ. ಎಣ್ಣೆ ಬರುತ್ತಿದೆಯಾ ನೋಡಲು ಬಾರಿನ ತುದಿಯನ್ನು ಬಿಳಿ ರಟ್ಟಿನ ಎದುರು ಸ್ವಲ್ಪ ದೂರದಲ್ಲಿ ಹಿಡಿದು ಯಂತ್ರ ಓಡಿಸಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಬಾರಿನ ಎಣ್ಣೆ ತೂತು ಕಟ್ಟಿರಬಹುದು. ಚೈನ್ ಬಿಚ್ಚಿದಾಗ ಆ ತೂತನ್ನೂ ಬಾರಿನ ಸಂದನ್ನೂ ಕೆರೆದು ಸ್ವಚ್ಛ ಮಾಡಿ, ಅಂಚಿನಲ್ಲಿ ಎದ್ದ ಚೂಪನ್ನು ಚಪ್ಪಟೆ ಅರದಿಂದ ತೆಗೆದು, ಬಾರನ್ನು ತಿರುವಿ ಹಾಕಿ. ಚೈನನ್ನು ಓಡಿಸುವ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್ ಕೂಡ ನೋಡಿ. ಸವೆದ ಸ್ಪ್ರಾಕೆಟ್‌ಗೆ ಹೊಸ ಚೈನ್ ಹಾಕಿದರೆ ಚೈನೂ ಹಾಳು. ಸಾಮಾನ್ಯವಾಗಿ ಎರಡು ಚೈನ್ ಸವೆಯುವ ಹೊತ್ತಿಗೆ ಒಂದು ಸ್ಪ್ರಾಕೆಟ್ ಬದಲಾಯಿಸಬೇಕಾಗುತ್ತದೆ.

ಇದರಲ್ಲಿ ಯಾವುದೂ ದೊಡ್ಡ ವಿದ್ಯೆಯಲ್ಲ, ಗೊತ್ತಿರುವವರು ಪಕ್ಕದಲ್ಲಿ ಕೂತು ತೋರಿಸಿದರೆ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಆದರೆ ತೋರಿಸುವವರು ಬೇಕಲ್ಲ? ಯಂತ್ರ ಮಾರುವವರು ಡಬ್ಬದ ಜೊತೆ ಆ ಚೈನಿಗೆ ಹೊಂದುವ ದುಂಡು ಅರ, ಹಿಡಿಕೆ, ಗೇಜ್ ಇಷ್ಟನ್ನು ಕೊಡಲಿ. ಒಂದು ಹಲ್ಲನ್ನಾದರೂ ಕೊಳ್ಳುವವರ ಕೈಯಿಂದಲೇ ಉಜ್ಜಿಸಲಿ. ಬಾಡಿಗೆಗೆ ಕೊಡುವವರು ಮೊಂಡು ಚೈನಿನ ಯಂತ್ರ ಕೊಡದಿರಲಿ. ಕೆಲಸ ಮಾಡಿಸುವವರು ಅರಕ್ಕೂ ಅರ ಹಾಕುವ ಹೊತ್ತಿಗೂ ಲೆಕ್ಕದಲ್ಲಿ ಜಾಗ ಇಡಲಿ.

ನಿಮ್ಮಲ್ಲಿ ಒಂದು ಕೋರಿಕೆ. ಯಂತ್ರಗಳ ಬಗ್ಗೆ ಮುಂದಿನ ಸಲ ಬರೆಸುವಾಗ ಅರ್ಧ ಪುಟವನ್ನು ಚೈನಿಗೆ ಕೊಡಿ. ಫೋಟೋಗಿಂತ ಗೆರೆಚಿತ್ರ ಒಳ್ಳೆಯದು. ಹಲ್ಲನ್ನು ಮೇಲಿನಿಂದ ನೋಡಿದ ಒಂದು ಚಿತ್ರ, ಅದರಲ್ಲಿ 30 ಡಿಗ್ರಿ ಗೆರೆ. ಪಕ್ಕದಿಂದ ನೋಡಿದ ಇನ್ನೊಂದು, ಅದರಲ್ಲಿ ಅರದ ಎತ್ತರ ಮತ್ತು ರೇಕರ್ ಮೇಲೆ ಗೇಜ್ ಕೂತಿರುವುದು. ಪಿಚ್‌ಗೆ ತಕ್ಕ ಅರದ ದಪ್ಪದ ಪಟ್ಟಿಯನ್ನು ಕತ್ತರಿಸಿ ಗೋಡೆಗೆ ಅಂಟಿಸುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ಜಾಗ ಸಾಲದಿದ್ದರೆ ಪಕ್ಕದಿಂದ ನೋಡಿದ ಚಿತ್ರವನ್ನಂತೂ ಬಿಡಬೇಡಿ, ಜನ ಹೆಚ್ಚು ಎಡವುವುದು ಅಲ್ಲಿಯೇ.

ವಂದನೆಗಳೊಂದಿಗೆ,
ನಿಮ್ಮ ಓದುಗ